ಮೂವರು ಕಂಡದ್ದನ್ನು ಒಂದು ಮಾಡಿದ್ದು

ಹಿಂದಿನ ದಿನ ಟವೆಲ್ಲಿನ ಜಗಳವೊಂದನ್ನು ಬಿಟ್ಟರೆ ನೆನಪಿಟ್ಟುಕೊಳ್ಳುವಂಥದ್ದು ಏನೂ ಆಗಿರಲಿಲ್ಲ.

ನಾನು ಬಸ್ ಕಂಡಕ್ಟರ್. ನಮ್ಮದು ಧಾರವಾಡದ ಹಳೆ ಬಸ್ ನಿಲ್ದಾಣದಿಂದ ಹೊರಟು, ಬೇಲೂರು ಕೈಗಾರಿಕಾ ಪ್ರದೇಶ ಹಾದು, ಅದರಾಚೆಯ ಹಳ್ಳಿಗಳಿಗೆ ಹೋಗುವ ಬಸ್ಸು. ಮುಂಜಾನೆ ಪಾಳಿಗೆ ಹೋಗುವವರು ಅದಕ್ಕೆ ಮುಗಿಬೀಳುತ್ತಾರೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್, ಕರವಸ್ತ್ರ, ಊಟದ ಚೀಲ ಒಳಗೆ ಬೀಳುತ್ತವೆ. ಯಾರ ವಸ್ತು ಬಿದ್ದಿದೆಯೋ ಆ ಸೀಟು ಅವರದು. ಅದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ಆ ದಿನ ಒಂದೇ ಸೀಟಿನ ಮೇಲೆ ಎರಡು ಟವೆಲ್ ಬಿದ್ದಿದ್ದವು.

"ನಂದ ಮೊದಲ ಬಿದ್ದೈತಿ."

"ನಿಂದು ನನ್ನ ಟವೆಲ್ ಮ್ಯಾಲೆ ಬಿದ್ದೈತಿ. ಕೆಳಗಿದ್ದದ್ದು ಮೊದಲಿಂದು. ಇಷ್ಟೂ ತಿಳಿಯಂಗಿಲ್ಲೇನ?"

"ನೀ ಆಮ್ಯಾಲೆ ಕೆಳಗ ತುರುಕೀದಿ. ನಾ ಕಣ್ಣಾರೆ ನೋಡೇನಿ."

ನಾನು ನೋಡಿರಲಿಲ್ಲ. ಅಕ್ಕಪಕ್ಕದವರನ್ನು ಕೇಳಿದೆ. ಒಬ್ಬ ಕೆಂಪು ಟವೆಲ್ ಮೊದಲು ಎಂದ, ಇನ್ನೊಬ್ಬ ಹಸಿರು ಎಂದ, ಮೂರನೆಯವನು "ಎರಡೂ ಕೂಡೇ ಬಿದ್ವು ಬಿಡ್ರಿ" ಎಂದ. ಇಂಥ ಜಗಳ ನನಗೆ ದಿನದ ಕೆಲಸ. ಯಾರು ಖರೇ ಹೇಳುತ್ತಿದ್ದಾರೆ ಎಂದು ಹುಡುಕುತ್ತ ಕುಳಿತರೆ ಬಸ್ಸು ಹೊರಡುವುದಿಲ್ಲ. ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, ಇವನು ಒಂದಿಷ್ಟು ಬಿಟ್ಟು ಅವನು ಒಂದಿಷ್ಟು ಬಿಟ್ಟು, ನಡುವೆ ಒಂದು ಮಾತಿಗೆ ತಂದು ಸೀಟಿ ಊದುವುದು. ಮುಮ್ಮಿಗಟ್ಟಿಯವರೆಗೆ ಹಸಿರು ಟವೆಲ್, ಅಲ್ಲಿಂದ ಮುಂದೆ ಕೆಂಪು ಟವೆಲ್ ಎಂದು ತೀರ್ಮಾನ ಮಾಡಿದೆ. ಮುಂದಿನಿಂದ ನಮ್ಮ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಕೂಗಿದರು.

"ಮುಗೀತೇನಪಾ ನಿನ್ನ ಪಂಚಾಯ್ತಿ? ಇಲ್ಲಾ ಇವತ್ತ ಬಸ್ಸ ಇಲ್ಲೇ ಮಲಗಸೂಣೇನು?"

ಬಸ್ಸಿನ ತುಂಬ ನಗು. ಟವೆಲ್ಲಿನವರೂ ನಕ್ಕರು.

ಡ್ರೈವರ್ ನನಗಿಂತ ಹಿರಿಯರು. ನಾನು ಅಣ್ಣಾ ಎನ್ನುತ್ತಿದ್ದೆ. ಬಹಳ ವರ್ಷ ಒಂದೇ ಬಸ್ಸಿನಲ್ಲಿ ಇಬ್ಬರೂ ಡ್ಯೂಟಿ ಮಾಡಿದ್ದೆವು. ಡಿಪೋದಲ್ಲಿ ಜೋಡಿ ಬದಲಿಸುವ ಮಾತು ಬಂದಾಗಲೆಲ್ಲ ಅವರೇ ಹೋಗಿ, "ಈ ಮನಷ್ಯಾನ ಸೀಟಿ ನನಗ ರೂಢಿ ಆಗೇತ್ರಿ, ಬ್ಯಾರೇದವರ ಸೀಟಿ ಕೇಳಿದ್ರ ಕ್ಲಚ್ಚಿನ ಮ್ಯಾಲೆ ಕಾಲ ಬೀಳಂಗಿಲ್ಲ" ಎಂದು ಹೇಳಿ ಬರುತ್ತಿದ್ದರು. ಆ ಮಧ್ಯಾಹ್ನ ಕೊನೆಯ ಊರಿನ ಮರದ ಕೆಳಗೆ ಊಟಕ್ಕೆ ಕುಳಿತಾಗ ನನ್ನ ಡಬ್ಬಿಯ ಪಲ್ಯ ನೋಡಿ, "ಇದನ್ನ ತಿಂದು ಹೆಂಗ ಬದಕೀದಿ ನೀ? ನಾಳೆ ಏನೂ ತರಬ್ಯಾಡ. ನಿಮ್ಮ ವೈನಿಗೆ ಹೇಳಿ ಇಬ್ಬರಿಗೂ ರೊಟ್ಟಿ ಕಟ್ಟಸ್ಕೊಂಡ ಬರ್ತೇನಿ" ಎಂದರು.

ಮರುದಿನ ತಂದಿದ್ದರು. ಡಬ್ಬಿ ಅವರ ಸೀಟಿನ ಹಿಂದೆ ಇತ್ತು.

ಕೈಗಾರಿಕಾ ಪ್ರದೇಶದ ಕ್ರಾಸಿನ ಹತ್ತಿರ ಬಂದಾಗ ನಾನು ಬಸ್ಸಿನ ಹಿಂಭಾಗದಲ್ಲಿದ್ದೆ. ಅಲ್ಲಿಗೆ ಟಿಕೆಟ್ ದರದ ಒಂದು ಸ್ಟೇಜ್ ಮುಗಿಯುತ್ತದೆ. ಸ್ಟೇಜ್ ಬದಲಾಗುವ ಮೊದಲು ಎಲ್ಲರ ಕೈಯಲ್ಲೂ ಟಿಕೆಟ್ ಇರಬೇಕು. ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದರೂ ಗುರುತಿನ ಚೀಟಿ ನೋಡಿ ಶೂನ್ಯದ ಟಿಕೆಟ್ ಕೊಡಲೇಬೇಕು. ತಪಾಸಣೆಯವರು ಹೆಚ್ಚಾಗಿ ನಿಲ್ಲುವುದೂ ಅದೇ ಕ್ರಾಸಿನಲ್ಲಿ. ಹಾಗಾಗಿ ಅಲ್ಲಿಗೆ ಬರುವಾಗ ನಾನು ಯಾವಾಗಲೂ ತಲೆ ಬಗ್ಗಿಸಿ ಮಷಿನ್ ಒತ್ತುತ್ತಿರುತ್ತೇನೆ. ಬಸ್ಸು ನಿಂತಿತು. ಹಾರ್ನ್ ಕೇಳಿತು, ಇನ್ನೊಮ್ಮೆ ಕೇಳಿತು. ಬಸ್ಸು ನಿಲ್ಲುವ ಜಾಗದಲ್ಲಿ ಛೋಟಾ ಹಾತಿ ಎನ್ನುವ ಸಣ್ಣ ಸರಕು ಗಾಡಿಯೊಂದು ಅಡ್ಡ ನಿಂತಿತ್ತಂತೆ. ಅದನ್ನೂ ನಾನು ಆಮೇಲೆ ನೋಡಿದ್ದು. ಅಣ್ಣನ ಧ್ವನಿ ಕೇಳಿತು.

"ಏ ತಮ್ಮಾ, ಗಾಡಿ ಸರಸೋ! ಮಂದೀನ ರಸ್ತೇದಾಗ ಇಳಸ್ಲೇನ?"

ಹೊರಗಿನಿಂದ ಏನೋ ಉತ್ತರ ಬಂತು. ಡ್ರೈವರ್ ಬಾಗಿಲು ತೆಗೆದ ಸದ್ದಾಯಿತು. ಒಬ್ಬಾಕೆ ಗುರುತಿನ ಚೀಟಿ ಸಿಗದೆ ಚೀಲ ತಡಕಾಡುತ್ತಿದ್ದಳು, ನಾನು ಅವಳ ಮುಂದೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಮುಂದೆ ಕುಳಿತ ಹೆಣ್ಣುಮಕ್ಕಳು ಒಟ್ಟಿಗೆ ಕೂಗಿದರು. ಜನರನ್ನು ಸರಿಸಿಕೊಂಡು ಇಳಿದು ಹೋಗುವಷ್ಟರಲ್ಲಿ ಅಣ್ಣ ಗಟಾರದ ಕಲ್ಲಿನ ಪಕ್ಕ ಅಂಗಾತ ಬಿದ್ದಿದ್ದರು. ತಲೆಯ ಹಿಂಭಾಗ ಆ ಕಲ್ಲಿನ ಅಂಚಿಗೆ ತಾಗಿತ್ತು. ಗಾಡಿಯ ಯುವಕ ಅವರ ಪಕ್ಕದಲ್ಲೇ ಮಂಡಿಯೂರಿ ಕುಳಿತಿದ್ದ. ಜನ ಅವನನ್ನು ಎಳೆದು ಹೊಡೆಯತೊಡಗಿದರು. ನಾನು ಅಣ್ಣನ ತಲೆ ತೊಡೆಯ ಮೇಲಿಟ್ಟುಕೊಂಡು ಆಂಬುಲೆನ್ಸಿಗೆ ಫೋನ್ ಮಾಡಿದೆ.

ಅವರನ್ನು ಸತ್ತೂರಿನ ಆಸ್ಪತ್ರೆಗೆ ಕಳಿಸಿದ ಮೇಲೆ ನಾನು ಮಾಡಿದ್ದು ರೂಢಿಯ ಕೆಲಸ. ಡಿಪೋಗೆ ತಿಳಿಸಿದೆ. ಬಸ್ಸು ದಾರಿಯಲ್ಲಿ ನಿಂತರೆ ಪ್ರಯಾಣಿಕರನ್ನು ಹಿಂದೆ ಬರುವ ಬಸ್ಸಿಗೆ ಹತ್ತಿಸಿ ಕಳಿಸಬೇಕು. ಎಲ್ಲರನ್ನೂ ಹತ್ತಿಸಿದೆ. ಯಾರ ಹೆಸರನ್ನೂ ಕೇಳಲಿಲ್ಲ. ಏನಾಯಿತೆಂದು ಕಂಡವರನ್ನೆಲ್ಲ ನಾನೇ ಸೀಟಿ ಊದಿ ಕಳಿಸಿಕೊಟ್ಟೆ ಎಂಬುದು ಪೊಲೀಸ್ ಠಾಣೆಯಲ್ಲಿ ಕುಳಿತ ಮೇಲೆ ಹೊಳೆಯಿತು.

ದೂರು ಕೊಟ್ಟವನು ನಾನೇ. ಬರೆದುಕೊಳ್ಳುತ್ತಿದ್ದ ಹವಾಲ್ದಾರರು ಕೇಳಿದರು.

"ನೀವು ಕಣ್ಣಾರೆ ನೋಡೀರೇನು?"

"ಇಲ್ರಿ. ಹಿಂದ ಟಿಕೆಟ್ ಕೊಡಾಕತ್ತಿದ್ದೆ."

"ಬಸ್ಸ ತುಂಬ ಮಂದಿ, ಕಂಡಕ್ಟರ್ ಇದ್ದಾನ, ನೋಡಿದಾಂವ ಒಬ್ಬನೂ ಇಲ್ಲ. ಛಲೋ ಆತು ಬಿಡ್ರಿ."

ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದರು. ಅದು ಶುರುವಾಗುವುದೇ ಅಣ್ಣ ಬಿದ್ದ ಮೇಲೆ. ಎದುರಿನ ಕಾರ್ಖಾನೆಯ ಗೇಟಿನ ಕ್ಯಾಮೆರಾದಲ್ಲಿ ನಮ್ಮ ಬಸ್ಸಿನ ಹಿಂಭಾಗ ಮಾತ್ರ ಕಂಡಿತು. ಇನ್ನು ಉಳಿದದ್ದು ಜನರೇ. ನನಗೆ ಪ್ರಯಾಣಿಕರ ಹೆಸರು ಗೊತ್ತಿರುವುದಿಲ್ಲ. ಯಾರು ಎಲ್ಲಿ ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ ಎಂಬುದು ಗೊತ್ತಿರುತ್ತದೆ. ಆ ದಿನ ಮುಂದಿನ ಸೀಟುಗಳಲ್ಲಿ ಯಾರ್ಯಾರಿದ್ದರು ಎಂದು ನೆನಪು ಮಾಡಿಕೊಂಡು, ಅವರವರು ಇಳಿಯುವ ನಿಲ್ದಾಣಗಳಲ್ಲಿ ಕಾದು ನಿಂತೆ. ಹಲವರು "ನಮಗ ಏನೂ ಕಂಡಿಲ್ರಿ" ಎಂದು ಜಾರಿಕೊಂಡರು. ಕೋರ್ಟು ಎಂದರೆ ಪಗಾರ ತಪ್ಪುತ್ತದೆ. ಕೊನೆಗೆ ಮೂವರು ಸಿಕ್ಕರು.

ಮೊದಲನೆಯವರು ಮಾಳಮಡ್ಡಿಯಿಂದ ಬಂದು ನಮ್ಮ ಬಸ್ಸು ಹಿಡಿದು ಹಳ್ಳಿಯ ಶಾಲೆಗೆ ಕಲಿಸಲು ಹೋಗುವ ಅಕ್ಕೋರು. ಯಾವಾಗಲೂ ಬಾಗಿಲ ಕಡೆಯ ಮುಂದಿನ ಸೀಟು ಅವರದು. ಅವರು ಹೇಳಿದರು: "ನಾ ಗಾಜಿನ್ಯಾಗಿಂದ ಸ್ಪಷ್ಟ ನೋಡೀನ್ರಿ. ಆ ಹುಡುಗನ ಎರಡೂ ಕೈ ಇವರ ಎದಿ ಮ್ಯಾಲಿದ್ವು. ದೂಡಿದ. ಇವರು ಹಿಂದ ಬಿದ್ರು."

ಎರಡನೆಯವಳು ಮೊಸರು ಮಾರುವ ಮುದುಕಿ. ಧಾರವಾಡದಲ್ಲಿ ಮೊಸರು ಕೊಟ್ಟು ಖಾಲಿ ಗಡಿಗೆಗಳೊಂದಿಗೆ ಊರಿಗೆ ಹಿಂತಿರುಗುವಾಗ ಡ್ರೈವರ್ ಪಕ್ಕದ ಅಡ್ಡ ಸೀಟಿನಲ್ಲಿ ಕೂಡುತ್ತಿದ್ದಳು. ಅಣ್ಣನಿಗೂ ಅವಳಿಗೂ ದಿನವೂ ಮಾತು. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದಳು: "ಸುಳ್ಳ ಯಾಕ ಹೇಳ್ಲಿ ಯಪ್ಪಾ. ನಮ್ಮ ಡ್ರೈವರಪ್ಪನ ಮೊದಲ ಅವನ ಕೊಳಪಟ್ಟಿಗೆ ಕೈ ಹಾಕಿದಾ. ಆ ಹುಡುಗ ಹಿಂಗ ಕೊಸರಿಕೊಂಡಾ. ಕೈ ತಪ್ಪಿ ಇಂವಾ ಹಿಂದ ಹ್ವಾದಾ. ಕಲ್ಲ ಕಾಣಲಿಲ್ಲ ಅವಗ."

ಮೂರನೆಯವನು ಲೇಥ್ ಕೆಲಸಗಾರ. ಇಳಿಯಲೆಂದು ಮುಂದಿನ ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದ. "ದೂಡೂದು ಎಲ್ಲೀದ್ರಿ? ಸಲಾಕಿ ಇತ್ತು ಅವನ ಕೈಯಾಗ. ಹಗ್ಗಾ ಬಿಗಿಯೂ ಸಲಾಕಿ. ಬೀಸ್ಯಾನ. ನನ್ನ ಕೆಲಸನ ಕಬ್ಬಿಣದ್ದು, ನನಗ ಗೊತ್ತಾಗಂಗಿಲ್ಲೇನು?"

ಮೂವರೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ಮೂವರಲ್ಲಿ ಯಾರಿಗೂ ಸುಳ್ಳು ಹೇಳುವ ಕಾರಣವಿರಲಿಲ್ಲ. ಮೂವರನ್ನೂ ನಾನು ಬೇರೆ ಬೇರೆ ಕಡೆ ಕೇಳಿದ್ದೆ. ಆ ಹೊತ್ತಿಗೆ ಅವರು ಒಬ್ಬರೊಡನೊಬ್ಬರು ಮಾತಾಡಿರಲಿಲ್ಲ. ಅದರ ಬೆಲೆ ನನಗೆ ಆಗ ತಿಳಿಯಲಿಲ್ಲ. ಮೂರು ಟವೆಲ್ ಒಂದೇ ಸೀಟಿನ ಮೇಲೆ ಬಿದ್ದಿವೆ ಎಂದಷ್ಟೇ ಕಂಡಿತು.

ಅಣ್ಣನಿಗೆ ಎಚ್ಚರ ಬರಲಿಲ್ಲ. ವಾರ ತುಂಬುವ ಮೊದಲೇ ತೀರಿಕೊಂಡರು.

ಮಣ್ಣು ಕೊಟ್ಟ ಮೇಲೆ ಒಂದು ಸಂಜೆ ಆ ಮೂವರೂ ಅಣ್ಣನ ಮನೆಗೆ ಮಾತಾಡಿಸಲು ಬಂದರು. ಪೊಲೀಸರು ಮರುದಿನ ಹೇಳಿಕೆ ಕೊಡಲು ಕರೆದಿದ್ದರು. ಹೋಗುವುದಾದರೆ ಒಟ್ಟಿಗೆ ಹೋಗೋಣ, ಮೊದಲು ಮನೆಯವರನ್ನು ಕಂಡು ಹೋಗೋಣ ಎಂದು ನಾನೇ ಬರಹೇಳಿದ್ದೆ. ಕಟ್ಟೆಯ ಮೇಲೆ ಕುಳಿತೆವು. ಅಣ್ಣನ ಹೆಂಡತಿ, ನಮ್ಮ ವೈನಿ, ಬಾಗಿಲ ಚೌಕಟ್ಟಿಗೆ ಒರಗಿ ಒಳಗೆ ಕುಳಿತಿದ್ದರು. ಅವರು ಕೇಳಿದ್ದು ಒಂದೇ ಮಾತು.

"ದೂಡ್ಯಾನೊ, ಇವ್ರ ಬಿದ್ದಾರೊ? ಅಷ್ಟ ಹೇಳ್ರಿ ನನಗ. ಮಂದಿ ಒಬ್ಬೊಬ್ಬರು ಒಂದೊಂದು ಹೇಳಾಕತ್ತಾರ. ಇವ್ರ ಮೊದಲ ಕೈ ಎತ್ತಿದ್ರು ಅಂತನೂ ಅಂತಾರ."

ಮುದುಕಿ ನೆಲ ನೋಡುತ್ತಿದ್ದಳು. ಅಕ್ಕೋರು ಮೆಲ್ಲಗೆ ದೂಡಿದ್ದನ್ನು ಹೇಳಿದರು. ಲೇಥಿನವನು ತಡೆಯಲಿಲ್ಲ.

"ದೂಡಿಲ್ರಿ ಅಕ್ಕೋರ, ಹೊಡದಾನ. ಸಲಾಕಿ ತಗೊಂಡು."

"ಸಲಾಕಿ ಇದ್ರ ನನಗ ಕಾಣತಿದ್ದಿಲ್ಲೇನು? ನಾ ಎದುರಿಗೆ ಇದ್ದೆ."

"ನೀವು ಗಾಜಿನ ಹಿಂದ ಇದ್ರಿ. ನಾ ಬಾಗಲದಾಗ ಇದ್ದೆ."

"ಸಲಾಕಿ ಎಲ್ಲಿ ಹೋತು ಮತ್ತ? ಪೊಲೀಸರಿಗೆ ಅದು ಗಾಡ್ಯಾಗ ಸಿಕ್ಕದಂತ. ಕೈಯಾಗ ಇದ್ದದ್ದು ಗಾಡ್ಯಾಗ ಹೆಂಗ ಹೋತು?"

"ಒಗದಿರಬೇಕು..." ಎಂದ. ಮೊದಲ ಬಾರಿ ಅವನ ಧ್ವನಿ ಸಣ್ಣದಾಯಿತು.

ಮುದುಕಿಯ ಕಡೆ ತಿರುಗಿದೆವು. ಅವಳು ವೈನಿಯನ್ನು ನೋಡಿದಳು. ಕೊಳಪಟ್ಟಿಯ ಮಾತು ಅವಳ ಬಾಯಿಗೆ ಬಂದು ಹಿಂದೆ ಹೋದದ್ದನ್ನು ನಾನು ಕಂಡೆ. ಆ ಬಾಗಿಲಲ್ಲಿ ಕುಳಿತ ಹೆಂಗಸಿನ ಮುಂದೆ, ನಿನ್ನ ಗಂಡನೇ ಮೊದಲು ಕೈ ಹಾಕಿದ ಎಂದು ಯಾರು ಹೇಳಿಯಾರು?

"ಅಕ್ಕೋರು ಕಲ್ತವರು. ನಾ ಹೆಬ್ಬಟ್ಟಿನಾಕಿ. ನನ್ನ ಕಣ್ಣಿಗೆ ಪೊರಿ ಬ್ಯಾರೆ ಬಂದೈತಿ. ಅವರು ಹೇಳಿದ್ದ ಖರೇ ಇರಬೇಕು."

ಇಲ್ಲಿ ನಾನು ನಡುವೆ ಬಂದೆ. ಮೂವರು ಮೂರು ಹೇಳಿದರೆ ಕೋರ್ಟಿನಲ್ಲಿ ಯಾವುದೂ ನಿಲ್ಲುವುದಿಲ್ಲ ಎಂದು ಡಿಪೋದಲ್ಲಿ ಎಲ್ಲರೂ ಹೇಳಿದ್ದರು. ನಾನು ಲೇಥಿನವನಿಗೆ ಹೇಳಿದೆ: "ನೀ ಸಲಾಕಿ ಬಿಡಪಾ. ಕೈ ಮುಂದ ಬಂದದ್ದು ನೋಡೀದಿ, ಅದು ಖರೇ ಅಲ್ಲೊ? ಅಷ್ಟ ಹೇಳು." ಅವನು "ಆತ್ರಿ" ಎಂದ. ಮುದುಕಿಗೆ ಹೇಳಿದೆ: "ಯವ್ವಾ, ಕೊಸರಿಕೊಂಡಾ ಅಂದಿ. ಕೊಸರಿಕೊಳ್ಳುವಾಗ ಕೈ ತಾಗೇ ತಾಗತಾವ. ದೂಡಿದ್ದು ಅಂದ್ರೂ ಅದ ಆತು." ಅವಳು ತಲೆಯಾಡಿಸಿದಳು. ಅಕ್ಕೋರದು ಹೇಗೂ ನಡುವಿನ ಮಾತು. ಹೊಡೆದದ್ದಲ್ಲ, ತಾನಾಗಿ ಬಿದ್ದದ್ದೂ ಅಲ್ಲ. ಅದಕ್ಕೆ ಎಲ್ಲರೂ ಬಂದು ಕೂಡಿದರು. ಮುಮ್ಮಿಗಟ್ಟಿಯವರೆಗೆ ಒಬ್ಬ, ಮುಂದೆ ಇನ್ನೊಬ್ಬ ಎಂಬಷ್ಟೇ ಸುಲಭವಾಗಿ ಮುಗಿಯಿತು. ಚಹಾ ಬಂತು. ವೈನಿ ಒಳಗಿನಿಂದ, "ದೂಡ್ಯಾನ ಅಂದಂಗಾತು" ಎಂದರು. ಅವರ ಧ್ವನಿಯಲ್ಲಿ ಒಂದು ಬಗೆಯ ಸಮಾಧಾನವಿತ್ತು. ನನಗೂ ಹಗುರಾಯಿತು.

ಮರುದಿನ ಠಾಣೆಯಲ್ಲಿ ಮೂವರ ಹೇಳಿಕೆಗಳೂ ಒಂದೇ ಧಾಟಿಯಲ್ಲಿ ಬಂದವು: ಆರೋಪಿಯು ತನ್ನ ಎರಡೂ ಕೈಗಳಿಂದ ಎದೆಗೆ ಜೋರಾಗಿ ದೂಡಿದ್ದರಿಂದ ಡ್ರೈವರ್ ಹಿಂದಕ್ಕೆ ಬಿದ್ದರು. ಹವಾಲ್ದಾರರು ಪೆನ್ನು ಮುಚ್ಚುತ್ತ, "ಹಿಂಗಿರಬೇಕು ನೋಡ್ರಿ ಸಾಕ್ಷಿ" ಎಂದರು.

ಆ ಯುವಕನ ಮೇಲೆ ಕೊಲೆಯಲ್ಲದ ನರಹತ್ಯೆಯ ಕೇಸು ಹಾಕಿದರು. ಕೆಲವು ತಿಂಗಳು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ನನಗೆ ಬೇರೆ ಡ್ರೈವರ್ ಕೊಟ್ಟರು. ಒಳ್ಳೆಯ ಮನುಷ್ಯ. ಆದರೆ ನಾನು ಸೀಟಿ ಊದಿದ ಮೇಲೂ ಒಮ್ಮೆ ಕನ್ನಡಿಯಲ್ಲಿ ನೋಡಿಯೇ ಗಾಡಿ ಬಿಡುತ್ತಾರೆ. ಮೊದಮೊದಲು ಆ ನಡುವಿನ ಹೊತ್ತು ತಡೆಯಲಾಗುತ್ತಿರಲಿಲ್ಲ.

ಕೇಸು ವಿಚಾರಣೆಗೆ ಬರಲು ಒಂದು ವರ್ಷಕ್ಕಿಂತ ಹೆಚ್ಚಾಯಿತು. ಅಷ್ಟರಲ್ಲಿ ಒಂದು ದಿನ ಮುದುಕಿ ಬಸ್ಸಿನಲ್ಲಿ ಹೊಸಬರೊಬ್ಬರಿಗೆ ಅಂದಿನ ಕಥೆ ಹೇಳುತ್ತಿದ್ದಳು. ನಾನು ಟಿಕೆಟ್ ಕೊಡುತ್ತ ಹತ್ತಿರ ಬಂದೆ.

"ಎರಡೂ ಕೈ ಹಿಂಗ ಎದಿಗಿಟ್ಟು ದೂಡಿದ ನೋಡವ್ವಾ. ಗಾಜಿನ್ಯಾಗ ಎಲ್ಲಾ ಕಾಣತಿತ್ತು. ನಾ ಚೀರಿದೆ."

ಗಾಜಿನ ಮಾತು ಅಕ್ಕೋರದು. ಮುದುಕಿ ಕೂಡುವ ಅಡ್ಡ ಸೀಟಿನಿಂದ ಕುತ್ತಿಗೆ ತಿರುಗಿಸದೆ ಮುಂದಿನ ಗಾಜು ಕಾಣುವುದಿಲ್ಲ. ಅವಳು ಇಳಿಯುವಾಗ ಗಡಿಗೆ ಇಳಿಸಿಕೊಟ್ಟು ಕೇಳಿದೆ.

"ಯವ್ವಾ, ಮೊದಲ ನೀ ಕೊಳಪಟ್ಟಿ ಹಿಡದದ್ದು ಹೇಳಿದ್ದಿ ಅಲ್ಲಾ?"

"ಯಾರ ಕೊಳಪಟ್ಟಿ?"

"ಅಣ್ಣಾ ಆ ಹುಡುಗನ ಕೊಳಪಟ್ಟಿಗೆ ಕೈ ಹಾಕಿದ್ದು."

ಅವಳು ನನ್ನನ್ನು ಸಿಟ್ಟಿನಿಂದ ನೋಡಿದಳು. "ಏ ಹೋಗೋ. ಆ ದೇವರಂಥಾ ಮನಷ್ಯಾ ಯಾರ ಮ್ಯಾಲೆ ಕೈ ಹಾಕ್ಯಾನ? ಸತ್ತಾವನ ಮ್ಯಾಲೆ ಅಪವಾದ ಹೊರಸ್ತೀ ಏನ, ಜೋಡೀಲೆ ಉಂಡಾವ ನೀ?"

ಅವಳು ಮುಚ್ಚಿಡುತ್ತಿರಲಿಲ್ಲ. ಅದು ನಿಜವಾಗಿಯೂ ಅವಳಲ್ಲಿ ಇರಲಿಲ್ಲ. ನಾವು ಕಟ್ಟೆಯ ಮೇಲೆ ಕುಳಿತು ಮಾಡಿದ ತೀರ್ಮಾನ ಅವಳು ಕಂಡದ್ದರ ಜಾಗದಲ್ಲಿ ಹೋಗಿ ಕುಳಿತಿತ್ತು. ಆ ದಿನ ಉಳಿದ ಟಿಕೆಟ್ಟುಗಳನ್ನು ಹೇಗೆ ಕೊಟ್ಟೆನೋ.

ಲೇಥಿನವನು ಬೇರೆ ಕೆಲಸ ಹಿಡಿದು ಹುಬ್ಬಳ್ಳಿಗೆ ಹೋಗಿದ್ದ. ಫೋನ್ ಮಾಡಿದೆ. "ಸಲಾಕಿ ಬಿಡು ಅಂತ ನೀವ ಹೇಳಿದ್ರಿ, ಬಿಟ್ಟೇನಿ. ಈಗ ಮತ್ತ ಹಿಡಿ ಅಂತೀರೇನು? ಒಂದ ಹೇಳ್ರಿಪಾ" ಎಂದು ನಕ್ಕ. ನಕ್ಕದ್ದಕ್ಕೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ.

ಉಳಿದವರು ಅಕ್ಕೋರು. ಮೂವರ ಮಾತಿಗೂ ಅವರದೇ ಅಡಿಪಾಯ. ಒಂದು ಮುಂಜಾನೆ ಅವರ ಟಿಕೆಟ್ ಕೊಟ್ಟು ಅಲ್ಲೇ ನಿಂತೆ. ನಾನು ಕೇಳುವ ಮೊದಲೇ ಅವರು ಮಾತು ತೆಗೆದರು. ಸಮನ್ಸ್ ಬಂದಾಗಿನಿಂದ ಅವರಿಗೂ ನಿದ್ದೆ ಸರಿಯಿರಲಿಲ್ಲವಂತೆ.

"ಕೈ ನೋಡೀನ್ರಿ. ಅದರಾಗ ಎರಡು ಮಾತಿಲ್ಲ. ಎದಿ ಮ್ಯಾಲ ಇದ್ವು. ಆದ್ರ ಕೈ ಹೋದ ಮ್ಯಾಲ ಅವರು ಬಿದ್ರೊ, ಬೀಳೂದು ಸುರು ಆದ ಮ್ಯಾಲ ಕೈ ಹೋತೊ... ಅದನ್ನ ಈಗ ನೆನಸ್ಕೊಂಡ್ರ ಎರಡೂ ಥರಾ ಕಾಣತದ."

"ಅಂದ್ರ ಹಿಡೀಲಿಕ್ಕೆ ಹೋಗಿದ್ದ ಅಂತೀರೇನ್ರಿ?"

"ಹಂಗೂ ಅನ್ನೂದಿಲ್ಲ. ನನಗ ಗೊತ್ತಿಲ್ಲ ಅಂತೀನಿ. ಮೊದಲನೇ ದಿನ ಗೊತ್ತಿತ್ತು."

ಆ ವಾರ ಕೊನೆಯ ಊರಿನಲ್ಲಿ ಬಸ್ಸು ಖಾಲಿ ನಿಂತಾಗ ಹೊಸ ಡ್ರೈವರನ್ನೂ, ಟ್ರಿಪ್ ಕಾಯುತ್ತಿದ್ದ ಇನ್ನೊಂದು ಬಸ್ಸಿನ ಕಂಡಕ್ಟರನ್ನೂ ಬಸ್ಸಿನ ಮುಂದೆ ನಿಲ್ಲಿಸಿದೆ. ಮಹಜರಿನ ದಿನ ಪೊಲೀಸರು ಬಸ್ಸನ್ನು ಅದೇ ಜಾಗದಲ್ಲಿ ನಿಲ್ಲಿಸಿ ಟೇಪು ಹಿಡಿದು ಅಳೆದಾಗ ನಾನು ಪಕ್ಕದಲ್ಲೇ ಇದ್ದೆ. ಆ ನೆನಪಿನಿಂದ ಅಂತರ ಇಟ್ಟೆ. ನಾನು ಅಕ್ಕೋರ ಸೀಟಿನಲ್ಲಿ ಕುಳಿತೆ. ಒಬ್ಬರು ಇನ್ನೊಬ್ಬರನ್ನು ಮೆಲ್ಲಗೆ ದೂಡಬೇಕು. ಆಮೇಲೆ ಒಬ್ಬರು ಹಿಂದಕ್ಕೆ ವಾಲಬೇಕು, ಇನ್ನೊಬ್ಬರು ಹಿಡಿಯಬೇಕು. ಅವರಿಬ್ಬರಿಗೂ ನಗು ತಡೆಯಲಾಗಲಿಲ್ಲ.

"ಯಾವ ನಾಟಕಾ ಕಲಸಾಕತ್ತೀರಿ ಕಂಡಕ್ಟರ್ ಸಾಹೇಬ್ರ? ನನಗ ಹೀರೋ ಪಾರ್ಟ ಕೊಡ್ರಿ, ಬರೇ ಬೀಳೂದ ಆತು."

ಮತ್ತೆ ಮತ್ತೆ ಮಾಡಿಸಿದೆ. ಆ ಸೀಟಿನಿಂದ ಮುಂದೆ ನಿಂತವರ ಎದೆಯಿಂದ ಮೇಲಿನ ಭಾಗ ಮಾತ್ರ ಕಾಣುತ್ತದೆ. ಕಾಲು ಕಾಣುವುದಿಲ್ಲ. ಯಾರು ಎಡವಿದರು, ಯಾರು ಹಿಂದೆ ಹೆಜ್ಜೆ ಇಟ್ಟರು ಎಂಬುದು ಗಾಜಿನ ಕೆಳಗೆ ಉಳಿಯುತ್ತದೆ. ದೂಡುವ ಕೈ, ಹಿಡಿಯುವ ಕೈ ಎರಡೂ ಒಂದೇ ರೀತಿ ಮುಂದೆ ಹೋಗುತ್ತವೆ. ಲೇಥಿನವನು ನಿಂತಿದ್ದ ಮೆಟ್ಟಿಲ ಮೇಲೆ ನಿಂತರೆ ಬಸ್ಸಿನ ಮೂಲೆ ಅಡ್ಡ ಬಂದು ಅರ್ಧವಷ್ಟೇ ಕಾಣುತ್ತದೆ. ಮುದುಕಿಯ ಸೀಟಿಗೆ ಹೋಗಿ ಕುತ್ತಿಗೆ ತಿರುಗಿಸಿ ಕುಳಿತೆ. ಅಲ್ಲಿಂದ ಕೆಳಗಿನದೂ ಕಾಣುತ್ತದೆ. ಕಾಲು ಕಾಣುತ್ತದೆ, ಗಟಾರದ ಕಲ್ಲು ಇರಬೇಕಾದ ಜಾಗ ಕಾಣುತ್ತದೆ. ಮೂವರಲ್ಲಿ ಪೂರ್ತಿ ನೋಡಬಹುದಾಗಿದ್ದವಳು ಅವಳೊಬ್ಬಳೇ. ಅವಳು ಕುತ್ತಿಗೆ ತಿರುಗಿಸಿದ್ದಳೇ ಎಂಬುದು ಅವಳಿಗಷ್ಟೇ ಗೊತ್ತಿತ್ತು. ಆ ಸಂಜೆ ಕಟ್ಟೆಯ ಮೇಲೆ ನಾವು ಮೊದಲು ಬಿಡಿಸಿದ್ದು ಅವಳ ಮಾತನ್ನೇ.

ವಿಚಾರಣೆಯ ದಿನ ಸರ್ಕಾರಿ ವಕೀಲರು ವರಾಂಡದಲ್ಲಿ ನನಗೆ ಹೇಳಿದರು: "ಕೇಳಿದ್ದಕ್ಕಷ್ಟೇ ಉತ್ತರ ಕೊಡ್ರಿ. ಒಂದು ಶಬ್ದ ಹೆಚ್ಚಿಗೆ ಬ್ಯಾಡ." ದೂರುದಾರನಾದ್ದರಿಂದ ನನ್ನದೇ ಮೊದಲ ಸಾಕ್ಷಿ. ವೈನಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಆ ಯುವಕ ಕೈ ಕಟ್ಟಿಕೊಂಡು ನಿಂತಿದ್ದ. ಅವನ ತಾಯಿಯೂ ಬಂದಿದ್ದಳು. ಅವಳೂ ವೈನಿಯೂ ಒಂದೇ ಬೆಂಚಿನ ಎರಡು ತುದಿಯಲ್ಲಿದ್ದರು.

ಆರೋಪಿಯ ವಕೀಲರು ಎದ್ದರು. ಹೇಳಿಕೆ ಕೊಡುವ ಹಿಂದಿನ ದಿನ ಮೂವರು ಸಾಕ್ಷಿದಾರರೂ ಮೃತರ ಮನೆಗೆ ಬಂದಿದ್ದು ನಿಜವೇ ಎಂದು ಕೇಳಿದರು. ಹೌದು ಎಂದೆ. ಅವರಿಗೆ ಏನು ಹೇಳಬೇಕೆಂದು ನೀವು ಹೇಳಿಕೊಟ್ಟಿದ್ದೀರಿ ಎಂದರು. "ಇಲ್ರಿ, ಹೇಳಿಕೊಟ್ಟಿಲ್ಲ" ಎಂದೆ. ಅದು ನಿಜವೇ. ಸರ್ಕಾರಿ ವಕೀಲರ ಮುಖ ಸಡಿಲಾಯಿತು. ಎದುರಿನ ವಕೀಲರು ಹಾಳೆ ತಿರುವಿ ಬೇರೆ ಪ್ರಶ್ನೆಗೆ ಹೊರಟಿದ್ದರು.

ನಾನು ಅಲ್ಲಿಗೆ ಬಿಡಬಹುದಿತ್ತು. ಹೊರಗೆ ವರಾಂಡದಲ್ಲಿ ಮುದುಕಿ ತನ್ನ ಸರದಿಗಾಗಿ ಕಾಯುತ್ತಿದ್ದಳು. ಒಳಗೆ ಬಂದು ಪ್ರಮಾಣ ಮಾಡಿ ತಾನು ನೋಡದ್ದನ್ನು ನೋಡಿದೆ ಎಂದು ಪೂರ್ಣ ನಂಬಿಕೆಯಿಂದ ಹೇಳುವವಳಿದ್ದಳು. ಅದರ ಮೇಲೆ ಒಬ್ಬನಿಗೆ ಜೈಲಾಗಬಹುದಿತ್ತು. ಇನ್ನೊಂದು ಆಸೆಯೂ ಇತ್ತು. ಮೂವರೂ ಮೊದಲು ಹೇಳಿದ್ದನ್ನು ಕೋರ್ಟಿನ ಮುಂದೆ ಇಟ್ಟರೆ, ಬಲ್ಲವರು ಅದರಲ್ಲಿ ಖರೇ ಯಾವುದು ಎಂದು ಆರಿಸಿ ತೆಗೆಯುತ್ತಾರೆ ಎಂದುಕೊಂಡಿದ್ದೆ. ಹೆಚ್ಚಾಗಿ ಆ ಆಸೆಯಿಂದಲೇ ನನಗೆ ಬಾಯಿ ಬಂತು.

"ಸಾಹೇಬ್ರ, ಹೇಳಿಕೊಟ್ಟಿಲ್ಲ. ಆದ್ರ ಕೂಡಿಸಿದ್ದು ನಾನ. ಮೊದಲ ಮೂರೂ ಮಂದಿ ಮೂರು ಥರಾ ಹೇಳಿದ್ರು. ಒಂದ ಮಾತಿಗೆ ಬರ್ರಿ ಅಂತ ನಾನ ಮಾಡಿದೆ."

ನ್ಯಾಯಾಧೀಶರು ಪೆನ್ನು ಇಟ್ಟು ನನ್ನನ್ನು ನೋಡಿದರು. ನಿಧಾನವಾಗಿ ಇನ್ನೊಮ್ಮೆ ಹೇಳಲು ಹೇಳಿದರು. ನಾನು ಹೇಳಿದೆ. ಅವರು ಅದನ್ನು ಟೈಪಿಸ್ಟಿಗೆ ಹೇಳಿ ಬರೆಸಿದರು. ನನ್ನ ಮಾತು ಅವರ ಬಾಯಲ್ಲಿ ಪುಸ್ತಕದ ಕನ್ನಡವಾಗಿ ಬಂತು.

ಆಮೇಲೆ ಅಕ್ಕೋರನ್ನು ಕರೆದರು. ಕೈ ನೋಡಿದೆ, ದೂಡಿದ್ದೋ ಹಿಡಿದದ್ದೋ ಖಚಿತವಾಗಿ ಹೇಳಲಾರೆ ಎಂದರು. ಲೇಥಿನವನು ಮತ್ತೆ ಸಲಾಕಿ ಎಂದ, ಆಮೇಲೆ ಇರಲಿಕ್ಕಿಲ್ಲ ಎಂದ. ಮುದುಕಿ ಮಾತ್ರ ಅಲುಗಲಿಲ್ಲ. ವಕೀಲರು ಎಷ್ಟು ಕೇಳಿದರೂ ಎರಡೂ ಕೈ, ಎದೆ, ಗಾಜು ಎಂದಳು. ಇಳಿದು ಬರುವಾಗ ನನ್ನ ಕಡೆ ನೋಡಲಿಲ್ಲ. ಶವ ಪರೀಕ್ಷೆ ಮಾಡಿದ ಡಾಕ್ಟರು, ಗಟ್ಟಿ ಅಂಚಿನ ಮೇಲೆ ಬಿದ್ದು ಆದ ಪೆಟ್ಟು, ಹೇಗೆ ಬಿದ್ದರೆಂದು ಪೆಟ್ಟು ನೋಡಿ ಹೇಳಲು ಬರುವುದಿಲ್ಲ ಎಂದರು.

ನಾನು ಅಂದುಕೊಂಡ ಹಾಗೆ ಅಲ್ಲಿ ಯಾರೂ ಖರೇ ಆರಿಸಿ ತೆಗೆಯಲಿಲ್ಲ. ಅದು ಅವರ ಕೆಲಸವೂ ಆಗಿರಲಿಲ್ಲ. ದೂಡಿದ್ದು ಸಾಬೀತಾಗಿದೆಯೇ ಎಂದಷ್ಟೇ ಅವರು ನೋಡಬೇಕಾಗಿತ್ತು. ಆಗಿರಲಿಲ್ಲ. ಸಂಶಯದ ಲಾಭ ಕೊಟ್ಟು ಆ ಯುವಕನನ್ನು ಬಿಟ್ಟರು.

ತೀರ್ಪಿನ ದಿನ ಡಿಪೋದ ಕೆಲವರು ನನ್ನೊಡನೆ ಚಹಾ ಕುಡಿಯಲಿಲ್ಲ. "ಜೋಡೀ ಡ್ರೈವರಗ ಇಂವಾ ಮಾಡಿದ ಉಪಕಾರ ನೋಡ್ರಿ" ಎಂದು ಕೇಳುವಂತೆಯೇ ಅಂದರು. ಅದು ಕೆಲವು ದಿನ ನಡೆದು ಮುಗಿಯಿತು. ವೈನಿಯ ಮುಂದೆ ಹೋಗಲು ಮಾತ್ರ ನನಗೆ ಬಹಳ ದಿನ ಕಾಲು ಬರಲಿಲ್ಲ. ಹೋದಾಗ ಅವರು ಒಳಗೆ ಕರೆದರು, ನೀರು ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

"ಸುಳ್ಳ ಹೇಳಬೇಕಿತ್ತು ಅನ್ನಂಗಿಲ್ಲ ತಮ್ಮಾ. ನಿಮ್ಮ ಅಣ್ಣಗೂ ಸುಳ್ಳ ಆಗತಿದ್ದಿಲ್ಲ. ಆದ್ರ ಆ ಸಂಜೀ ಮುಂದ ನನಗ ಒಂದ ಉತ್ತರಾ ಕೊಟ್ಟಿದ್ರಿ. ಅದನ್ನ ಹಿಡಕೊಂಡು ಒಂದ ವರ್ಷ ಮಲಗೇನಿ. ಅದನ್ನ ಕಸಗೊಂಡಿ. ಅದರ ಬದಲಿ ಖರೇ ಏನೈತೋ ಅದನ್ನರ ತಂದ ಕೊಡಬೇಕಿತ್ತಲ್ಲಾ."

ನಾನು ನೀರಿನ ಲೋಟ ಕೆಳಗಿಟ್ಟು ಎದ್ದೆ. ಅವರೇ "ಊಟಾ ಮಾಡ್ಕೊಂಡ ಹೋಗು" ಎಂದರು. ಉಂಡೆ.

ಆ ಖರೇಯನ್ನು ತಂದುಕೊಡಲು ಇನ್ನೊಂದೇ ದಾರಿ ಉಳಿದಿತ್ತು. ಆ ಯುವಕ ಈಗಲೂ ಅದೇ ಕೈಗಾರಿಕಾ ಪ್ರದೇಶಕ್ಕೆ ಸರಕು ತರುತ್ತಾನೆ. ಗಾಡಿಯನ್ನು ಮಾತ್ರ ಕ್ರಾಸಿನಿಂದ ದೂರ ನಿಲ್ಲಿಸುತ್ತಾನೆ. ಒಂದು ಮಧ್ಯಾಹ್ನ ನನ್ನ ರಜೆಯ ದಿನ ಅಲ್ಲಿಗೆ ಹೋದೆ. ನನ್ನನ್ನು ಕಂಡು ಹಗ್ಗ ಕೆಳಗಿಟ್ಟು ಎದ್ದು ನಿಂತ.

"ಹೆದರಬ್ಯಾಡ. ಕೇಸ್ ಮುಗದೈತಿ. ಇನ್ನ ನೀ ಏನ ಹೇಳಿದ್ರೂ ನಿನಗ ಏನೂ ಆಗಂಗಿಲ್ಲ. ನನಗಷ್ಟ ಹೇಳು. ಅವರ ಮನಿಯವರಿಗೆ ಮುಟ್ಟಸ್ತೇನಿ."

ಅವನು ಕ್ರಾಸಿನ ಕಡೆ ತಿರುಗಿ ನೋಡಿದ.

"ಕಾಕಾ, ಅವರು ಬೈದ್ರು, ನಾನೂ ಬೈದೆ. ಕೊಳಪಟ್ಟ್ಯಾಗ ಕೈ ಇದ್ದಂಗ ನೆನಪೈತಿ. ಆಮ್ಯಾಲೆ ನನ್ನ ಕೈ ಮುಂದ ಹ್ವಾದವು. ಹಿಡಿಯಾಕ ಹೋದೆ ಅಂತ ಜೈಲಿನ್ಯಾಗ ವಕೀಲರಿಗೆ ಹೇಳೇನಿ. ಹೇಳಿ ಹೇಳಿ ಹಂಗ ಕಾಣಾಕತ್ತೈತಿ. ಖರೇನೊ ಏನೊ, ನನಗ ಈಗ ಗೊತ್ತಿಲ್ರಿ. ನಿಮ್ಮ ಆಣಿ."

ಅವನು ಅಳುತ್ತಿದ್ದ. ನಾನು ಅವನ ಭುಜ ಮುಟ್ಟಲೂ ಇಲ್ಲ, ಬೈಯಲೂ ಇಲ್ಲ. ಬಸ್ಸು ಬಂತು, ಹತ್ತಿದೆ.

ವೈನಿಯ ಮನೆಗೆ ಈಗಲೂ ಹೋಗುತ್ತೇನೆ. ಅವರು ಮತ್ತೆ ಆ ಪ್ರಶ್ನೆ ಕೇಳಿಲ್ಲ. ಅಣ್ಣ ಬಾಗಿಲು ತೆಗೆದು ಕೆಳಗಿಳಿದದ್ದು ನನಗೆ ಗೊತ್ತು, ಕಲ್ಲಿನ ಪಕ್ಕ ಬಿದ್ದದ್ದು ಗೊತ್ತು. ಅವೆರಡರ ನಡುವೆ ಏನಾಯಿತು ಎಂಬುದು ನನಗೆ ಗೊತ್ತಿಲ್ಲ.